ಮಾದರಿ ರೈಲಿಗೆ ಹಿಮದ ಬೆಟ್ಟವೇಕೆ?



ಮನೆಯಲ್ಲಿ ಮಾದರಿ ರೈಲು ಕಟ್ಟುವ ಹವ್ಯಾಸ ನಮ್ಮ ಬಳಗದ ಕೆಲವರಿಗೂ ಅಂಟಿದೆ, ಸಂತೋಷ. ಆದರೆ ನೀವು ಕಳಿಸುವ ಚಿತ್ರಗಳ ಬಗ್ಗೆ ನನಗೆ ತಕರಾರಿದೆ. ಎಂಜಿನ್ ಭಾರತೀಯ ರೈಲ್ವೆಯದು; ಹಿಂದೆ ಮಾತ್ರ ಜರ್ಮನಿಯ ಪೆಟ್ಟಿಗೆಯಿಂದ ಇಳಿದ ಪೈನ್ ಮರ, ಹಿಮದ ಬೆಟ್ಟ, ಇಳಿಜಾರು ಮಾಡಿನ ಮನೆ! ಇದಕ್ಕೆ 'ನೈಜ ದೃಶ್ಯ' ಎಂಬ ಹೆಸರು ಬೇರೆ.

ಸಿದ್ಧ ಸಾಮಗ್ರಿಯ ಅಳತೆ ಕರಾರುವಾಕ್ಕು ಎಂಬುದು ನಿಮ್ಮ ವಾದ. ಲೆಕ್ಕ ಹಾಕೋಣ. ಎಚ್‌ಒ ಪ್ರಮಾಣವೆಂದರೆ 1:87. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಭಾಗಿಸಿದರೆ ಸುಮಾರು 19.3 ಬರಬೇಕು. ಪೆಟ್ಟಿಗೆಯ ಹಳಿ 16.5, ಯುರೋಪಿನ 1435ಕ್ಕೆ ಹೊಂದಿಸಿದ್ದು. ಹಳಿಯೇ ನಮ್ಮದಲ್ಲ, ಅಳತೆಯ ಹೆಮ್ಮೆ ಎಲ್ಲಿಯದು? ಹೋಗಲಿ, ಹಳಿ ಬದಲಿಸುವುದು ಕಷ್ಟ. ನೆಲವಾದರೂ ನಿಮ್ಮ ಕೈಯಲ್ಲಿದೆಯಲ್ಲ!

ಬಾದನಹಟ್ಟಿಯ ಎರೆಮಣ್ಣನ್ನು ಒಣಗಿಸಿ ತೆಳುಬಟ್ಟೆಯಲ್ಲಿ ಸೋಸಿರಿ. ಇಲ್ಲವಾದರೆ 3 ಮಿ.ಮೀ. ಹೆಂಟೆಯೂ 26 ಸೆಂ.ಮೀ. ಗುಂಡಾಗಿ ಕಾಣುತ್ತದೆ. ನೀರು ಬೆರೆಸಿದ ಫೆವಿಕಾಲಿಗೆ ಒಂದು ಹನಿ ಸೋಪಿನ ನೀರು ಹಾಕಿದರೆ ಅಂಟು ಮಣ್ಣಿನೊಳಗೆ ಇಳಿಯುತ್ತದೆ. ಒಣಗಿದ ಜಾಲಿಯ ಕಡ್ಡಿಯೇ ಮರ. ಕುರುಗೋಡಿನ ಬಂಡೆಗುಡ್ಡಕ್ಕೆ ಥರ್ಮಕೋಲ್, ಮಣ್ಣಿನ ಮಾಳಿಗೆಮನೆಗೆ ರಟ್ಟು ಸಾಕು. ಅದಿರಿನ ಗಾಡಿ ಓಡಿಸುವವರು ಜಲ್ಲಿಗೆ ಕೆಂಪು ಧೂಳು ಹಚ್ಚಬೇಕು. ತೋರಣಗಲ್ಲಿನ ಕಡೆ ಓಡಾಡಿದವರಿಗೆ ವಿವರಿಸಬೇಕಿಲ್ಲ.

"ನಮ್ಮ ಬರಡು ಸೀಮೆಯಲ್ಲಿ ನೋಡುವುದೇನಿದೆ ಸರ್?" ಎಂದು ಪರದೇಶದಲ್ಲಿರುವ ಶಿಷ್ಯನೊಬ್ಬ ಕೇಳಿದ್ದಾನೆ. ಅಪ್ಪಾ, ನಿನ್ನ ಮಗಳು ಅಜ್ಜನ ಊರನ್ನು ಮೊದಲು ಕಾಣುವುದು ಆ ಹಲಗೆಯ ಮೇಲೆಯೇ. ಹಳದಿ ಫಲಕದಲ್ಲಿ ಕಪ್ಪಕ್ಷರದಿಂದ 'ಬಳ್ಳಾರಿ' ಎಂದು ಬರೆದು, ಅದರ ಹಿಂದೆ ಹಿಮ ಸುರಿಸುತ್ತೀಯಾ?