ಕಾರಿನ ಕುಲ ಕೇಳುವವರಿಗೆ

ನಮ್ಮಲ್ಲಿ ನಾಲ್ಕು ಜನ ಸೇರಿ ಕಾರಿನ ಮಾತು ತೆಗೆದರೆ ಸಾಕು, ಐದೇ ನಿಮಿಷದಲ್ಲಿ ಪ್ರಪಂಚದ ದೇಶಗಳಿಗೆಲ್ಲ ಅಂಕಪಟ್ಟಿ ಸಿದ್ಧವಾಗಿಬಿಡುತ್ತದೆ. ಜರ್ಮನಿಯದು ಗಟ್ಟಿ, ಜಪಾನಿನದು ಕೈಕೊಡುವುದಿಲ್ಲ, ಕೊರಿಯಾದ್ದು ನೋಡಲು ಚೆಂದ, ಅಮೆರಿಕದ್ದು ಪೆಟ್ರೋಲು ಕುಡಿಯುತ್ತದೆ, ನಮ್ಮದು ಬರೀ ತಗಡು. ಮದುವೆ ಮನೆಯ ಶಾಮಿಯಾನದ ಕೆಳಗೂ ಇದೇ ತೀರ್ಪು, ರಸೆಲ್ ಮಾರ್ಕೆಟ್ ಪಕ್ಕದ ಚಹದಂಗಡಿಯಲ್ಲೂ ಇದೇ ತೀರ್ಪು, ಇಂದಿರಾನಗರದ ನೂರಡಿ ರಸ್ತೆಯಲ್ಲಿ ಕುಳಿತು ಕಾಫಿ ಕುಡಿಯುವವರದೂ ಇದೇ ತೀರ್ಪು. ಹೀಗೆ ತೀರ್ಪು ಕೊಡುವವರಲ್ಲಿ ಬಹುಪಾಲು ಜನ ಕಾರಿನ ಬಾನೆಟ್ ಎತ್ತಿ ನೋಡಿದವರಲ್ಲ. ಎತ್ತಿ ನೋಡಿದವರು ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿದ್ದಾರೆ. ಅವರನ್ನು ಯಾರೂ ಕೇಳುವುದಿಲ್ಲ.

ನಾನು ಕೇಳಿದೆ. ಮೂವತ್ತು ವರ್ಷಗಳಿಂದ ಹಳೆ ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಉಸ್ತಾದರೊಬ್ಬರು ನನಗೆ ಪರಿಚಯ. ಅವರ ಅಂಗಡಿಯಲ್ಲಿ ಅಂಬಾಸಿಡರ್‌ನ ಬಾಗಿಲು, ಯಾವುದೋ ಜರ್ಮನ್ ಕಾರಿನ ದೀಪ, ಜಪಾನಿ ಗೇರ್‌ಬಾಕ್ಸ್ ಎಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. "ಯಾವ ದೇಶದ ಗಾಡಿ ಒಳ್ಳೆಯದು ಉಸ್ತಾದ್?" ಎಂದೆ. ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಅವರು, "ಗಾಡಿಕಾ ಮುಲಕ್ ನಕ್ಕೋ ಪೂಛೋ ಭಾಯ್, ಕಿಸ್ಕೇ ವಾಸ್ತೆ ಬನಾಯೆ ಸೋ ಪೂಛೋ" ಎಂದರು. ಗಾಡಿಯ ದೇಶ ಕೇಳಬೇಡಿ, ಅದನ್ನು ಯಾರಿಗಾಗಿ ಮಾಡಿದರು ಅನ್ನುವುದನ್ನು ಕೇಳಿ. ಈ ಒಂದು ಮಾತಿನ ಮುಂದೆ ನಮ್ಮ ಅಂಕಪಟ್ಟಿಗಳೆಲ್ಲ ಗುಜರಿಗೆ ಹಾಕಬೇಕಾದವು ಎಂದು ನನಗನಿಸಿತು.

ಉಸ್ತಾದರ ಮಾತಿಗೆ ಸಾಕ್ಷಿ ಬೇಕೆನ್ನುವವರು 2014ರ ಜನವರಿಯನ್ನು ನೆನೆಯಬೇಕು. ಕಾರುಗಳನ್ನು ಗುದ್ದಿಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಆ ತಿಂಗಳು ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಫಲಿತಾಂಶ ಪ್ರಕಟಿಸಿತು. ವೇಗ ಗಂಟೆಗೆ 64 ಕಿಲೋಮೀಟರ್. ಕಾರುಗಳು ಮಾರುತಿ ಸುಝುಕಿ ಆಲ್ಟೊ, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ. ಅಂದರೆ ಜಪಾನ್, ಭಾರತ, ಕೊರಿಯಾ, ಅಮೆರಿಕ, ಜರ್ಮನಿ. ಒಳಗೆ ಕುಳಿತ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ. ಐದು ದೇಶ, ಒಂದೇ ಅಂಕ!

ಪರೀಕ್ಷೆಗೆ ಒಯ್ದವೆಲ್ಲ ಅತಿ ಕಡಿಮೆ ಬೆಲೆಯ ಆವೃತ್ತಿಗಳು. ಒಂದರಲ್ಲೂ ಏರ್‌ಬ್ಯಾಗ್ ಇರಲಿಲ್ಲ. ಎರಡು ಏರ್‌ಬ್ಯಾಗ್ ಇದ್ದ ಪೋಲೊವನ್ನು ಗುದ್ದಿಸಿದಾಗ ಅದಕ್ಕೆ ನಾಲ್ಕು ತಾರೆ ಬಂತು. ಅದೇ ಜರ್ಮನಿ, ಅದೇ ಕಂಪನಿ. ಸೊನ್ನೆಗೂ ನಾಲ್ಕಕ್ಕೂ ನಡುವೆ ಇದ್ದದ್ದು ಎರಡು ಚೀಲ ಮಾತ್ರ. ಆ ಮೇಲೆ ಕಂಪನಿ ಏರ್‌ಬ್ಯಾಗ್ ಇಲ್ಲದ ಪೋಲೊವನ್ನು ಇಲ್ಲಿ ಮಾರುವುದನ್ನೇ ಕೈಬಿಟ್ಟಿತು. ಯೂರೋಪಿನಲ್ಲಿ ಗುದ್ದುವ ಪರೀಕ್ಷೆಯ ಕಾನೂನು 1998ರಿಂದಲೇ ಇತ್ತು. ನಮ್ಮಲ್ಲಿ ಚಾಲಕನಿಗೊಂದು ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಕಾನೂನು ಕೇಳಿದ ಕಡೆ ಕೊಟ್ಟರು. ಕೇಳದ ಕಡೆ ಉಳಿಸಿಕೊಂಡರು. ಇದರಲ್ಲಿ ಜರ್ಮನಿಯ ಗುಣವೆಲ್ಲಿ ಬಂತು, ಜಪಾನಿನ ಗುಣವೆಲ್ಲಿ ಬಂತು?

ಇದು ನನಗೆ ಬರೀ ಪುಸ್ತಕದ ಮಾತಲ್ಲ. ನನ್ನ ಖಾಲಾ ಮಗನೊಬ್ಬ 2012ರಲ್ಲಿ ಸಾಲ ಮಾಡಿ ಕಾರು ಕೊಂಡು ಬಾಡಿಗೆಗೆ ಬಿಟ್ಟ. ಹಲಸೂರಿನ ಮನೆಯಲ್ಲಿ ಆ ದಿನ ಮಿಠಾಯಿ ಹಂಚಿದರು. "ಹೊರದೇಶದ ಟೆಕ್ನಾಲಜಿ ಭಾಯಿಜಾನ್, ಲೋಕಲ್ ಡಬ್ಬಾ ಅಲ್ಲ" ಎಂದು ಹೆಮ್ಮೆಯಿಂದ ಹೇಳಿದ. ಹಳೆ ಮದರಾಸು ರಸ್ತೆಯಲ್ಲಿ, ಕೆ.ಆರ್.ಪುರ ದಾಟಿದ ಮೇಲೆ, ಒಂದು ಬೆಳಗಿನ ಜಾವ ನಿಂತ ಲಾರಿಗೆ ಗುದ್ದಿದ. ಸ್ಟೀರಿಂಗ್ ಎದೆಗೆ ಬಂತು. ಜೀವ ಉಳಿಯಿತು, ಆದರೆ ಬಲಗೈ ಈಗಲೂ ಭುಜದ ಮೇಲಕ್ಕೆ ಏಳುವುದಿಲ್ಲ. ಅವನ ಕಾರಿನಲ್ಲಿ ಇಲ್ಲದಿದ್ದ ಏರ್‌ಬ್ಯಾಗ್ ಅದೇ ಕಾರಿನ ದುಬಾರಿ ಆವೃತ್ತಿಯಲ್ಲಿತ್ತು. ಅದು ಯಾವ ದೇಶದ ಕಾರು ಎಂದು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಆ ದೇಶವನ್ನು ಬಯ್ದು ಸುಮ್ಮನಾಗುತ್ತೀರಿ.

"ಅದೆಲ್ಲ ಸರಿ, ಜಪಾನಿ ಗಾಡಿ ಕೈಕೊಡುವುದಿಲ್ಲ ಅನ್ನುವುದು ಸುಳ್ಳೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2000ದಲ್ಲಿ ಟೊಯೋಟ ಕಂಪನಿ ಬಿಡದಿಯ ಕಾರ್ಖಾನೆಯಿಂದ ಕ್ವಾಲಿಸ್ ತಂದಿತು. ಬೆಂಗಳೂರಿನ ಕಾಲ್ ಸೆಂಟರ್ ಕಂಪನಿಗಳಿಗೆ ಹಗಲಿರುಳು ಓಡಿದ ಆ ಗಾಡಿಯನ್ನು ಚಾಲಕರು ಇಂದಿಗೂ ಹೊಗಳುತ್ತಾರೆ. ಹೊಗಳಲಿ. ಆದರೆ ಅದು ಇಂಡೋನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಿನಲ್ಲಿ ಓಡಿ, ಅಲ್ಲಿ ಹೊಸ ಮಾದರಿ ಬಂದ ಮೇಲೆ ನಮಗೆ ಸಿಕ್ಕ ಹಳೆ ಮಾದರಿ. ಅದನ್ನು ಜೋಡಿಸಿದ್ದು ಕರ್ನಾಟಕದ ಕೈಗಳು. ಕೆಲಸದ ಹೊರೆ ಹೆಚ್ಚಾಯಿತೆಂದು ಆ ಕಾರ್ಖಾನೆಯ ಕಾರ್ಮಿಕರು 2020ರ ನವೆಂಬರಿನಲ್ಲಿ ಮುಷ್ಕರ ಹೂಡಿದಾಗ ಕಂಪನಿ ಬೀಗಮುದ್ರೆ ಹಾಕಿತು. ಗಾಡಿ ಚೆನ್ನಾಗಿದ್ದರೆ ಹೆಸರು ಜಪಾನಿನದು, ಬೆನ್ನುನೋವು ಮಾತ್ರ ಬಿಡದಿಯದು!

ಇನ್ನು ಒಳ್ಳೆಯತನ ದೇಶದ ರಕ್ತದಲ್ಲೇ ಇದೆ ಎನ್ನುವುದಾದರೆ, ಒಂದೇ ದೇಶದ ಕಂಪನಿಗಳೆಲ್ಲ ಒಂದೇ ಥರ ಇರಬೇಕಿತ್ತು. ಕ್ವಾಲಿಸ್ ಬಂದ ಅದೇ 2000ದಲ್ಲಿ ಜಪಾನಿನ ಮಿತ್ಸುಬಿಷಿ ಕಂಪನಿ, ಎರಡು ದಶಕಗಳಿಗೂ ಹೆಚ್ಚು ಕಾಲ ಗ್ರಾಹಕರ ದೂರುಗಳನ್ನು ಸರ್ಕಾರಕ್ಕೆ ತಿಳಿಸದೆ ಮುಚ್ಚಿಟ್ಟದ್ದನ್ನು ಒಪ್ಪಿಕೊಂಡಿತು. ಜೀವ ಉಳಿಸಬೇಕಾದ ಏರ್‌ಬ್ಯಾಗುಗಳೇ ಸಿಡಿದು ಜೀವ ತೆಗೆದ ತಕಾಟ ಕಂಪನಿಯೂ ಜಪಾನಿನದೇ. 2017ರಲ್ಲಿ ಅದು ದಿವಾಳಿಯಾಯಿತು. ಜರ್ಮನಿಯ ಫೋಕ್ಸ್‌ವ್ಯಾಗನ್, ಹೊಗೆ ಪರೀಕ್ಷೆಯನ್ನು ವಂಚಿಸುವ ಸಾಫ್ಟ್‌ವೇರನ್ನು ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಅಳವಡಿಸಿದ್ದು 2015ರಲ್ಲಿ ಬಯಲಾಯಿತು. ಆ ಮೋಸದಲ್ಲೂ ಜರ್ಮನಿಯ ಅಚ್ಚುಕಟ್ಟುತನ ಇತ್ತು ಎಂದು ಬೇಕಾದರೆ ಮೆಚ್ಚಿಕೊಳ್ಳಿ.

ಹಾಗೆಯೇ, ಯಾವ ದೇಶವೂ ಹುಟ್ಟಿನಿಂದ ಕಳಪೆಯಲ್ಲ. 1950ರ ದಶಕದಲ್ಲಿ ಜಪಾನಿನ ಮಾಲು ಎಂದರೆ ಲೋಕವೇ ನಗುತ್ತಿತ್ತು. ಟೊಯೋಟ ಆ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಕಳಿಸಿದ ಕಾರು ಅಲ್ಲಿನ ಹೆದ್ದಾರಿಯ ವೇಗ ತಾಳಲಾರದೆ ಸೋತಿತು. ಸೋತವರು ಕಲಿತರು. ದೋಷ ಕಂಡರೆ ಸಾಮಾನ್ಯ ಕಾರ್ಮಿಕನೂ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸುವ ಅಧಿಕಾರ ಕೊಟ್ಟರು. ಆ ಹಗ್ಗ ಯಾವ ದೇಶದಲ್ಲಿ ಕಟ್ಟಿದರೂ ಕೆಲಸ ಮಾಡುತ್ತದೆ. ಅಂದು ಜಪಾನನ್ನು ನಕ್ಕ ಬಾಯಿಗಳು ಇಂದು "ಚೀನಾ ಮಾಲು" ಎಂದು ನಗುತ್ತಿವೆ. ಆ ನಗು ಇನ್ನೆಷ್ಟು ದಿನವೋ.

ನಮ್ಮ ಊರಿನ ಕಥೆಯನ್ನೂ ಮುಚ್ಚಿಡಬಾರದು. 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಿಳಿಯಿತು. 2007ರಲ್ಲಿ ಅಲ್ಲಿನ ಒಂದು ಪತ್ರಿಕೆಯವರು ಅದನ್ನು ಗುದ್ದಿಸಿ ನೋಡಿದಾಗ ಅದು ನುಜ್ಜುಗುಜ್ಜಾಯಿತು. ಭಾರತದ ಮಾಲೇ ಹೀಗೆ ಎಂದು ಹಲವರು ಮೂಗು ಮುರಿದರು. ಆದರೆ ಅದನ್ನು ಕಾರು ಎಂದು ಲೆಕ್ಕಿಸದೆ ನಾಲ್ಕು ಚಕ್ರದ ಹಗುರ ವಾಹನ ಎಂಬ ಬೇರೆ ವರ್ಗಕ್ಕೆ ಸೇರಿಸಿ, ಗುದ್ದುವ ಪರೀಕ್ಷೆಯಿಂದ ಬಿಡುಗಡೆ ಕೊಟ್ಟಿದ್ದು ಯೂರೋಪಿನ ಕಾನೂನೇ. ಅಲ್ಲೂ ಅದೇ ಪಾಠ: ಕೇಳಲಿಲ್ಲ, ಕೊಡಲಿಲ್ಲ. ಕೇಳುವ ಕಾಲ ಬಂದಾಗ ಇಲ್ಲಿಂದಲೂ ಬಂತು. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಅದೇ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದಕ್ಕೆ ಐದು ತಾರೆ ಪಡೆಯಿತು. ನ್ಯಾನೊ ಮಾಡಿ ಸೊನ್ನೆ ತೆಗೆದುಕೊಂಡ ಕಂಪನಿಯೇ ಅದು. ಐದು ವರ್ಷದೊಳಗೆ ಭಾರತೀಯರ ರಕ್ತ ಬದಲಾಯಿತೇ?

ಹುಟ್ಟೂರು ಕೇಳಿ, ಹೆಸರು ಕೇಳಿ ಬಾಡಿಗೆ ಮನೆ ಇಲ್ಲವೆನ್ನುವ ನಗರದಲ್ಲಿ ಬದುಕುವವರು ನಾವು. ಕುಲ ನೋಡಿ ಗುಣ ನಿರ್ಧರಿಸುವುದು ಎಷ್ಟು ಅನ್ಯಾಯ, ಎಷ್ಟು ಸೋಮಾರಿತನ ಎಂಬುದು ನಮಗಾದರೂ ಗೊತ್ತಿರಬೇಕಿತ್ತು. ಕಾರಿನ ವಿಷಯದಲ್ಲಿ ಈ ಸೋಮಾರಿತನದಿಂದ ಲಾಭ ಯಾರಿಗೆ? ದೇಶದ ಹೆಸರನ್ನು ಜಾಹೀರಾತಿನಲ್ಲಿ ಮಾರಿ, ಬಡವನ ಆವೃತ್ತಿಯಲ್ಲಿ ಚೀಲ ಉಳಿಸಿಕೊಂಡವರಿಗೆ.

ಆದ್ದರಿಂದ ಮುಂದಿನ ಸಲ ಕಾರು ಕೊಳ್ಳುವಾಗ ದೇಶ ಕೇಳಬೇಡಿ. ಈ ಕಾರನ್ನು, ಈ ಆವೃತ್ತಿಯನ್ನು ಗುದ್ದಿಸಿ ನೋಡಿದ್ದಾರೆಯೇ ಎಂದು ಕೇಳಿ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಬಂದಿದೆ. ಆದರೆ ಅದಕ್ಕೆ ಕಾರು ಕಳಿಸುವುದು ಬಿಡುವುದು ಕಂಪನಿಯ ಇಚ್ಛೆ. ಅದನ್ನು ಕಡ್ಡಾಯ ಮಾಡಿ ಎಂದು ಸರ್ಕಾರವನ್ನೂ ಕೇಳಿ. ಬಿಡಿಭಾಗ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಎಂದು ನಿಮ್ಮ ಬೀದಿಯ ಮೆಕ್ಯಾನಿಕ್ಕನ್ನು ಕೇಳಿ. ಅವನಿಗೆ ಯಾವ ಕಂಪನಿಯೂ ಕಮಿಷನ್ ಕೊಡುವುದಿಲ್ಲ.

ಸಂಜೆ ಕೆ.ಆರ್.ಪುರದ ತೂಗುಸೇತುವೆಯ ಬಳಿ ಎಲ್ಲ ದೇಶದ ಕಾರುಗಳೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಹಳೆಯದಾದ ಮೇಲೆ ಎಲ್ಲವೂ ಶಿವಾಜಿನಗರದ ಅದೇ ಗಲ್ಲಿಗೆ ಬರುತ್ತವೆ. ಅಲ್ಲಿ ಉಸ್ತಾದರು ಅವುಗಳ ಪಾಸ್‌ಪೋರ್ಟ್ ಕೇಳುವುದಿಲ್ಲ. ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ, ಅಷ್ಟೆ.