ಅರ್ಥಶಾಸ್ತ್ರ ಓದಿ ಏನು ಮಾಡುವುದು?



ಹನ್ನೆರಡನೆಯ ತರಗತಿಯ ಫಲಿತಾಂಶ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣದ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಮಾತು: ಇಂಜಿನಿಯರಿಂಗೋ, ಸಿ.ಎ.ಯೋ? ನಡುವೆ ಯಾವುದಾದರೂ ಹುಡುಗಿ "ನಾನು ಎಕನಾಮಿಕ್ಸ್ ಓದ್ತೇನೆ" ಅಂದರೆ ಮನೆಯೆಲ್ಲ ಗಪ್‌ಚಿಪ್. ನಮ್ಮ ಬಿಲ್ಡಿಂಗಿನ ತಾಯಿಯೊಬ್ಬರು "ಅದನ್ನು ಓದಿ ಕೊನೆಗೆ ಬ್ಯಾಂಕಿನ ಕ್ಲಾರ್ಕೇ ತಾನೇ?" ಎಂದು ಕೇಳಿದರು. ಮನೆಸಾಲದ ಕಂತು ಕಟ್ಟುತ್ತಿರುವವರು ಹೀಗೆ ಕೇಳುವುದು ಸಹಜವೇ.

ನಾನು ಇಂಗ್ಲಿಷ್‌ನಲ್ಲಿ ಬಿ.ಎ. ಮಾಡಿದವಳು. ನನ್ನ ಅರ್ಥಶಾಸ್ತ್ರ ತರಕಾರಿ ಮಾರ್ಕೆಟ್ಟಿನದು! ಆದರೂ ವಿಚಾರಿಸಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಬರೀ ಬಿ.ಎ.ಗೆ ನಿಂತರೆ ಆ ತಾಯಿಯ ಮಾತು ಹೆಚ್ಚುಕಡಿಮೆ ನಿಜ. ಬ್ಯಾಂಕಿನ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಈ ವಿಷಯದ ಬೆಲೆ ಗೊತ್ತಾಗುವುದು ಎಂ.ಎ. ಆದ ಮೇಲೆ. 1961ರಲ್ಲಿ ಆರಂಭವಾದ ಇಂಡಿಯನ್ ಎಕನಾಮಿಕ್ ಸರ್ವಿಸ್‌ನ ಪರೀಕ್ಷೆಯನ್ನು ಯು.ಪಿ.ಎಸ್.ಸಿ. ನಡೆಸುತ್ತದೆ, ಅದಕ್ಕೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕೇ ಬೇಕು. ಹುದ್ದೆಗಳು ಮಾತ್ರ ಬಹಳ ಕಡಿಮೆ. ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗವಿದೆ, ಕಾಲೇಜಿನ ಅಧ್ಯಾಪನವಿದೆ, ಖಾಸಗಿ ಸಂಸ್ಥೆಗಳಿವೆ.

ಈ ಓದಿನಿಂದ ಏನು ಸಾಧ್ಯ ಎನ್ನುವುದಕ್ಕೆ ನಮ್ಮವರದೇ ಉದಾಹರಣೆ ಇದೆ. ನಮ್ಮ ಕಡೆ ಹಿಂದುಳಿದಿದೆ ಎಂದು ನಾವೆಲ್ಲ ಲೋಕಲ್ ಗಾಡಿಯಲ್ಲಿ ಹರಟುತ್ತೇವೆ. ಅರ್ಥಶಾಸ್ತ್ರಜ್ಞ ಡಿ. ಎಂ. ನಂಜುಂಡಪ್ಪನವರ ಸಮಿತಿ ಅದನ್ನು ಎಣಿಸಿಯೇ ತೋರಿಸಿತು. 2002ರ ವರದಿಯಲ್ಲಿ ಕರ್ನಾಟಕದ ಅಂದಿನ 175 ತಾಲೂಕುಗಳ ಪೈಕಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಹೆಸರು ಸಮೇತ ಬಂತು. ಅಂದಿನಿಂದ ಅನುದಾನ ಕೇಳುವವರೆಲ್ಲ ಆ ವರದಿಯನ್ನೇ ಮುಂದಿಡುತ್ತಾರೆ. ಬಳ್ಳಾರಿಯಿಂದ ಲೋಕಸಭೆಗೆ ಹೋದ ವಿ. ಕೆ. ಆರ್. ವಿ. ರಾವ್ ಅವರಂತೂ ನಮ್ಮ ಮುಂಬಯಿ ವಿಶ್ವವಿದ್ಯಾಲಯದಲ್ಲೇ ಎಂ.ಎ. ಮಾಡಿ ಕೇಂಬ್ರಿಜ್‌ಗೆ ಹೋದವರು. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1972ರಲ್ಲಿ ಬೆಂಗಳೂರಿನ ಐಸೆಕ್, ಎರಡೂ ಅವರು ಕಟ್ಟಿದ್ದೇ.

ತಂದೆತಾಯಂದಿರು ಗಮನಿಸಬೇಕಾದ ಒಂದು ವಿಷಯವಿದೆ: ಗಣಿತ. "ಆರ್ಟ್ಸ್ ತಾನೇ" ಎಂದು ಹನ್ನೊಂದನೆಯಲ್ಲೇ ಅದನ್ನು ಬಿಡುವ ಮಕ್ಕಳು ಬಹಳ. ಒಳ್ಳೆಯ ಸಂಸ್ಥೆಗಳ ಎಂ.ಎ. ಪ್ರವೇಶ ಪರೀಕ್ಷೆಯಲ್ಲಿ ಗಣಿತವೇ ಎದುರು ನಿಲ್ಲುತ್ತದೆ. ಅರ್ಥಶಾಸ್ತ್ರ ಮನಸ್ಸಿನಲ್ಲಿದ್ದರೆ ದಯವಿಟ್ಟು ಗಣಿತ ಬಿಡಿಸಬೇಡಿ.

ಓದಲು ದೆಹಲಿಗೇ ಹೋಗಬೇಕೆಂದಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ ನಮ್ಮ ಕನ್ನಡ ವಿಭಾಗವಿರುವ ಕಲೀನಾ ಆವರಣದಲ್ಲೇ ಇದೆ. ಡೊಂಬಿವಲಿಯಿಂದ ಕುರ್ಲಾಕ್ಕೆ ಗಾಡಿ, ಮುಂದೆ ಬಸ್ಸು. ರಿಸರ್ವ್ ಬ್ಯಾಂಕ್ 1987ರಲ್ಲಿ ಸ್ಥಾಪಿಸಿದ ಇಂದಿರಾ ಗಾಂಧಿ ಸಂಶೋಧನಾ ಸಂಸ್ಥೆ ಗೋರೆಗಾಂವ್‌ನಲ್ಲಿದೆ. ಜನಸಂಖ್ಯೆಯ ಅಧ್ಯಯನದಲ್ಲಿ ಆಸಕ್ತಿಯಿದ್ದರೆ ದೇವನಾರದಲ್ಲಿ 1956ರಿಂದ ನಡೆಯುತ್ತಿರುವ ಸಂಸ್ಥೆಯಿದೆ. ನವಿ ಮುಂಬಯಿಯವರಿಗೆ ಅದೇ ಹತ್ತಿರ, ಗೋವಂಡಿಯಲ್ಲಿ ಇಳಿದರಾಯಿತು.