ಹೇಳದೆ ಉಳಿದ ಮಾತು

ಭಯಾನಕ ಚಲನಚಿತ್ರದ ವಿಚಾರ ಈ ಅಂಕಣಕ್ಕೆ ಸಲ್ಲದೆಂದು ಕೆಲವು ಸದ್ಭಕ್ತರಿಗೆ ತೋರಬಹುದು. ಆದರೆ ನವರಸಗಳಲ್ಲಿ ಭಯಾನಕಕ್ಕೂ ಬೀಭತ್ಸಕ್ಕೂ ಸ್ಥಾನವುಂಟು. ಮಠದಲ್ಲಿ ಅಲಂಕಾರಶಾಸ್ತ್ರವನ್ನು ಓದುವಾಗ ಅವೆರಡನ್ನು ಬಿಟ್ಟು ಪುಟ ತಿರುವಿದವರು ನಾವಲ್ಲ.

ನಾವೀಗ ಹೇಳಹೊರಟಿರುವುದು 1976ರಲ್ಲಿ ಅಮೆರಿಕದ ಬ್ರಿಯಾನ್ ಡಿ ಪಾಲ್ಮಾ ನಿರ್ದೇಶಿಸಿದ ‘ಕ್ಯಾರಿ’ ಎಂಬ ಚಿತ್ರದ ಮಾತು. ಮೂಲಕಥೆ ಸ್ಟೀಫನ್ ಕಿಂಗ್‌ನ ಮೊದಲ ಪ್ರಕಟಿತ ಕಾದಂಬರಿ, 1974ರದು. ಬರೆದ ಆರಂಭದ ಹಾಳೆಗಳನ್ನು ಆತ ಕಸದ ಬುಟ್ಟಿಗೆ ಹಾಕಿದ್ದ. ಪತ್ನಿ ಟಬಿತಾ ಅವನ್ನು ಎತ್ತಿ ಓದಿ, ಹೆಣ್ಣುಮಕ್ಕಳ ಲೋಕವನ್ನು ತಿಳಿಯಲು ತಾನು ನೆರವಾಗುವೆನೆಂದು ಹೇಳಿ ಮುಂದೆ ಬರೆಯಿಸಿದಳು.

ಕ್ಯಾರಿ ಪ್ರೌಢಶಾಲೆಯ ಹುಡುಗಿ. ಆಟದ ತರಗತಿಯ ಬಳಿಕ ಸ್ನಾನಗೃಹದಲ್ಲಿ ಆಕೆ ಮೊದಲ ಬಾರಿಗೆ ಮುಟ್ಟಾಗುತ್ತಾಳೆ. ಅದೇನೆಂದು ಅವಳಿಗೆ ಯಾರೂ ಹೇಳಿಲ್ಲ. ಸಾಯುತ್ತಿದ್ದೇನೆಂದು ಚೀರುತ್ತ ನೆರವು ಬೇಡುತ್ತಾಳೆ. ಸಹಪಾಠಿಗಳು ಅವಳ ಮೇಲೆ ಪ್ಯಾಡುಗಳನ್ನು ಎಸೆದು ನಗುತ್ತಾರೆ. ಮನೆಗೆ ಬಂದರೆ ತಾಯಿ ಧರ್ಮಗ್ರಂಥವನ್ನು ಕೈಯಲ್ಲಿ ಹಿಡಿದವಳು. ಇದು ಪಾಪದ ಫಲವೆಂದು ಹೊಡೆದು, ಪ್ರಾರ್ಥಿಸೆಂದು ಮಗಳನ್ನು ಕಿರುಕೋಣೆಗೆ ದೂಡಿ ಬಾಗಿಲು ಹಾಕುತ್ತಾಳೆ. ಮುಂದೆ ಹಂದಿಯ ರಕ್ತ ಸುರಿಯುವುದು, ಹುಡುಗಿಯ ಮನೋಬಲದಿಂದ ಸಭಾಂಗಣ ಹೊತ್ತಿ ಉರಿಯುವುದು, ಎಲ್ಲವೂ ದುಃಸ್ವಪ್ನದಂತೆ ಸಾಗುತ್ತದೆ. ನಮ್ಮನ್ನು ನಡುಗಿಸಿದ್ದು ಆ ಬೆಂಕಿಯಲ್ಲ, ಆ ಕಿರುಕೋಣೆ. (ಚಿತ್ರವನ್ನು ಮಕ್ಕಳೊಡನೆ ಕುಳಿತು ನೋಡಿರೆಂದು ನಾವು ಹೇಳುತ್ತಿಲ್ಲ, ಮೊದಲ ದೃಶ್ಯವೇ ಅದಕ್ಕೆ ತಕ್ಕುದಲ್ಲ.)

ಮಂಗಳೂರಿನ ಹೆದ್ದಾರಿ ಬೆಂಗಳೂರಿಗೂ ಮಡಿಕೇರಿ–ಮೈಸೂರಿಗೂ ಕವಲೊಡೆಯುವ ಮಾಣಿಯಲ್ಲಿ, ಉದ್ಯೋಗನಿಮಿತ್ತ ಬಡಗಣ ಜಿಲ್ಲೆಯಿಂದ ಬಂದು ನೆಲೆಸಿದ ಶರಣಕುಟುಂಬವೊಂದಕ್ಕೆ ಹೋಗಿದ್ದೆವು. “ಮಗಳು ಮೊಬೈಲ್‌ನಾಗ ಇಂಥಾ ರಕ್ತದ ಸಿನಿಮಾನ ನೋಡ್ತಾಳ್ರೀ, ಬಿಡಿಸೋದು ಹ್ಯಾಂಗ?” ಎಂದು ತಾಯಿ ಕೇಳಿದರು. ನಮ್ಮೊಡನೆ ಬಂದಿದ್ದ ನಮ್ಮ ಮನೆಯವರು ಮರುಪ್ರಶ್ನೆ ಹಾಕಿದರು: “ಅಕೀ ದೊಡ್ಡಾಕಿ ಆಗೂ ಮೊದಲ ಅದರ ಮಾತು ನೀವು ಹೇಳಿದ್ರೇನವಾ?” ಆ ತಾಯಿ ಮಾತಾಡಲಿಲ್ಲ. ಅದೇ ಮನೆಯಲ್ಲಿ ಮಗಳು ತಿಂಗಳಿಗೆ ಮೂರು ದಿನ ಹಿತ್ತಿಲ ಕೋಣೆಯಲ್ಲಿ ಚಾಪೆಯ ಮೇಲೆ ಕೂರುತ್ತಾಳೆಂದು ಅನಂತರ ತಿಳಿಯಿತು. ಇಷ್ಟಲಿಂಗವನ್ನೂ ಆ ದಿನಗಳಲ್ಲಿ ಮುಟ್ಟುವಂತಿಲ್ಲವಂತೆ!

ಹನ್ನೆರಡನೆಯ ಶತಮಾನದಲ್ಲಿ ಶರಣರು ಅಲ್ಲಗಳೆದ ಪಂಚಸೂತಕಗಳಲ್ಲಿ ಜನನ, ಮರಣ, ಉಚ್ಛಿಷ್ಟ, ಜಾತಿಗಳೊಡನೆ ರಜಸ್ಸೂತಕವೂ ಇದೆ. ಲಿಂಗ ಧರಿಸಿದ ಅಂಗಕ್ಕೆ ಸೂತಕವಿಲ್ಲವೆಂಬುದು ನಮ್ಮಲ್ಲಿ ಎಳೆಯ ಮಗುವೂ ಕೇಳಿದ ಮಾತು. ವೇದಿಕೆಯ ಮೇಲೆ ಅದನ್ನು ಹೇಳಿ ಚಪ್ಪಾಳೆ ಪಡೆಯುವ ಹಿರಿಯರ ಮನೆಯ ಹಿತ್ತಿಲಲ್ಲಿಯೂ ಆ ಚಾಪೆ ಇದೆ. ನೆರೆಹೊರೆ ಏನೆಂದೀತೆಂಬ ಅಳುಕೇ ಇದರ ಮೂಲವೆಂದು ನಮ್ಮ ಎಣಿಕೆ.

ಆದರೆ ಆ ನೆರೆಹೊರೆಯಲ್ಲಿಯೇ ಬೇರೊಂದು ನೋಟವೂ ಇದೆ. ತುಳುನಾಡಿನಲ್ಲಿ ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾದಳೆಂದು ಮೂರು ದಿನ ಯಾರೂ ನೇಗಿಲು ಹೂಡರು, ನೆಲ ಅಗೆಯರು. ಕೊನೆಗೆ ಮನೆಯ ಹೆಂಗಸರು ಅಂಗಳದ ನೆಲಕ್ಕೆ ಎಣ್ಣೆ, ಸೀಗೆ, ಅರಸಿನ, ಕುಂಕುಮಗಳನ್ನು ಅರ್ಪಿಸುತ್ತಾರೆ. ಹುರಿದ ಹುರುಳಿ, ಅಕ್ಕಿಗಳಿಗೆ ಬೆಲ್ಲ, ಕಾಯಿ ಬೆರೆಸಿ ತಿನ್ನುತ್ತಾರೆ. ಭೂಮಿಗೆ ಸಂದ ಈ ಮನ್ನಣೆ ಆ ಮನೆಗಳ ಹೆಣ್ಣಿಗೆಲ್ಲ ಸಂದಿದೆಯೆಂದು ನಾವು ಹೇಳಲಾರೆವು. ಆದರೂ ಮುಟ್ಟನ್ನು ಶಿಕ್ಷೆಯೆನ್ನದೆ ವಿಶ್ರಾಂತಿಯೆಂದು ಕಂಡ ಕಣ್ಣು ಅದು.

ರಾಜ್ಯ ಸರ್ಕಾರ 2013–14ರಲ್ಲಿ ‘ಶುಚಿ’ ಯೋಜನೆಯಿಂದ ಶಾಲಾ ಬಾಲೆಯರಿಗೆ ಪ್ಯಾಡು ಹಂಚತೊಡಗಿತು. ನಡುವೆ ನಿಂತು 2024ರಲ್ಲಿ ಮತ್ತೆ ಆರಂಭವಾಯಿತು. ಪ್ಯಾಡು ಶಾಲೆಯಿಂದ ಬಂದೀತು; ಅದರೊಡನೆ ಆಡಬೇಕಾದ ಮಾತು ಮನೆಯಲ್ಲಿಯೇ ಹುಟ್ಟಬೇಕು. ಮಗಳಿಗೆ ಹತ್ತು ತುಂಬುವ ವೇಳೆಗೆ ತಾಯಿಯೋ ಅಜ್ಜಿಯೋ ಪಕ್ಕದಲ್ಲಿ ಕೂರಿಸಿಕೊಂಡು ಹೇಳಲಿ. ಆ ಬೆಳಗಿನಲ್ಲಿಯೂ ಎಂದಿನಂತೆ ಲಿಂಗಪೂಜೆಗೆ ಕರೆಯಲಿ. ತಂದೆಯಾದವನು ಪ್ಯಾಡಿನ ಪೊಟ್ಟಣವನ್ನು ಅಂಗಡಿಯಿಂದ ತಂದರೆ ಅವನ ವಿಭೂತಿ ಅಳಿಸದು.

ಚಿತ್ರದ ಕೊನೆಯಲ್ಲಿ ಬದುಕುಳಿಯುವವಳು ಸೂ ಎಂಬ ಹುಡುಗಿ. ಅಂದು ಪ್ಯಾಡು ಎಸೆದವರಲ್ಲಿ ಒಬ್ಬಳು, ಅನಂತರ ಪಶ್ಚಾತ್ತಾಪಪಟ್ಟವಳು. ಕ್ಯಾರಿಯ ಸಮಾಧಿಗೆ ಹೂವಿಡಲು ಹೋದಂತೆ, ನೆಲದೊಳಗಿನಿಂದ ಬಂದ ಕೈಯೊಂದು ತನ್ನನ್ನು ಹಿಡಿದಂತೆ ಕನಸು ಕಂಡು ಆಕೆ ಚೀರಿ ಏಳುತ್ತಾಳೆ. ಅವಳ ತಾಯಿ ಓಡಿ ಬಂದು ಅಪ್ಪಿಕೊಳ್ಳುತ್ತಾಳೆ.